ಬಚ್ಚಲಲ್ಲಿ ಇಟ್ಟ ಎರಡು ಪೆಟ್ಟಿಗೆ

ಸೊಸೆ ತಗಡಿನ ಡಬ್ಬಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಅದರ ಬೆನ್ನಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹೊದಿಸಿ ಕಾದಳು. ಸ್ವಲ್ಪ ಹೊತ್ತಿಗೆ ಒಳಗಿನ ಮಂಜುಗಡ್ಡೆ ಸಡಿಲವಾಗಿ ಮೆಲ್ಲಗೆ ಜಾರಿಬಿತ್ತು. ಎರಡನೆಯ ಡಬ್ಬಿಗೂ ಹಾಗೇ ಮಾಡಿದಳು. ಎರಡೂ ಗಡ್ಡೆಗಳನ್ನು ಒಣಬಟ್ಟೆಯಲ್ಲಿ ಒರೆಸಿ ತೂಕಕ್ಕೆ ಹಾಕಿದಳು. ಒಂದು ಗಡ್ಡೆ ಚೂರು ಹೆಚ್ಚಿತ್ತು. ಉಳಿಯ ತುದಿಯಿಂದ ಅದರ ಮೂಲೆಯನ್ನು ಹೆರೆದು ಮತ್ತೆ ತೂಗಿದಳು. ಈಗ ಸಮವಾಯಿತು. ಅಷ್ಟು ಹೊತ್ತೂ ಮಾವ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು.

ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಒಂದೇ ಮರದ ಒಂದೇ ಹಲಗೆಯನ್ನು ಸೀಳಿ ಮಾಡಿದ ಅವಳಿಗಳು. ಒಂದರ ಹಲಗೆ ಮರ ಕೊಯ್ದಾಗ ಇದ್ದ ಬಣ್ಣದಲ್ಲೇ ಇತ್ತು. ಇನ್ನೊಂದರ ಹಲಗೆ ಮಾವನ ಭಟ್ಟಿಯಲ್ಲಿ ಬೆಂದು ಕಡು ಕಾಫಿ ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿ ಅವಕ್ಕೆ ಬಿಳಿ ಪೆಟ್ಟಿಗೆ, ಕರಿ ಪೆಟ್ಟಿಗೆ ಎಂದೇ ಹೆಸರು. ಎರಡರ ತಳದಲ್ಲೂ ಒಂದೊಂದು ತೂತು, ತೂತಿಗೆ ರಬ್ಬರ್ ನಳಿಕೆ, ನಳಿಕೆಯ ಕೆಳಗೆ ಗಾಜಿನ ಜಾಡಿ. ಗಡ್ಡೆಗಳನ್ನು ಒಳಗಿಟ್ಟು ಮುಚ್ಚಳ ಬಿಗಿದರೆ ಅವಳ ಕೆಲಸ ಮುಗಿಯಿತು. ಹೊರಗಿನ ಶಾಖವನ್ನು ಹೆಚ್ಚು ಒಳಗೆ ಬಿಟ್ಟುಕೊಂಡ ಪೆಟ್ಟಿಗೆಯಲ್ಲಿ ಗಡ್ಡೆ ಬೇಗ ಕರಗುತ್ತದೆ, ಜಾಡಿ ಬೇಗ ತುಂಬುತ್ತದೆ. ಯಾವ ಜಾಡಿಯಲ್ಲಿ ನೀರು ಕಡಿಮೆಯೋ ಆ ಹಲಗೆ ಗೆದ್ದಂತೆ.

"ಬೆಂಕಿಯ ಕೆಲಸಕ್ಕೆ ಮಂಜುಗಡ್ಡೆ ಸಾಕ್ಷಿ" ಎಂದು ಅತ್ತೆ ಈ ಪರೀಕ್ಷೆಯನ್ನು ನೋಡಿದಾಗಲೆಲ್ಲ ಆಡಿಕೊಳ್ಳುತ್ತಿದ್ದರು.

ಸೊಸೆ ಮುಚ್ಚಳ ಬಿಗಿದು ಹಿಂದೆ ಸರಿದಳು. ಈ ಪೆಟ್ಟಿಗೆಗಳನ್ನು ಮೂರು ದಿನ ಮುಂಚೆಯೇ ಬಾಯ್ಲರ್ ಮೇಲಿನ ಕಟ್ಟೆಯಲ್ಲಿ ಒಣಗಲು ಇಡಬೇಕೆಂದು ಮಾವ ಹೇಳಿದ್ದರು. ಅವಳು ಇಟ್ಟಿರಲಿಲ್ಲ. ಇಟ್ಟೆಯಾ ಎಂದು ಅವರು ಕೇಳಲೂ ಇಲ್ಲ. ಹೇಳಿದ ಕೆಲಸ ಆಯಿತೇ ಎಂದು ಸೊಸೆಯನ್ನು ಕೇಳುವ ರೂಢಿ ಅವರಿಗಿರಲಿಲ್ಲ, ಯಾಕೆಂದರೆ ಇಷ್ಟು ವರ್ಷಗಳಲ್ಲಿ ಆಗದೇ ಉಳಿದದ್ದೇ ಇಲ್ಲ.

ಮಾವ ಹಲಗೆ ಕಾರ್ಖಾನೆಯ ಹಳೆಯ ಮೇಸ್ತ್ರಿ. ಕಾರ್ಖಾನೆ ಎಂದರೆ ಮನೆಯ ಹಿಂದಿನ ಉದ್ದನೆಯ ಶೆಡ್ಡು ಅಷ್ಟೇ. ಒಂದು ಕೊನೆಯಲ್ಲಿ ಗರಗಸ, ನಡುವೆ ಹಲಗೆ ಒಣಗಿಸುವ ಕೋಣೆ, ಅದಕ್ಕೆ ಹಬೆ ಕೊಡುವ ಬಾಯ್ಲರ್, ಇನ್ನೊಂದು ಕೊನೆಯಲ್ಲಿ ಮಾವ ಹದಿನಾಲ್ಕು ತಿಂಗಳು ಮೈಮುರಿದು ಕಟ್ಟಿದ ಭಟ್ಟಿ. ಮಗ, ಅಂದರೆ ಅವಳ ಗಂಡ, ಹಲಗೆ ತುಂಬಿದ ಲಾರಿಯೊಂದಿಗೆ ವಾರವಿಡೀ ರಸ್ತೆಯಲ್ಲೇ. ಹಾಗಾಗಿ ಶೆಡ್ಡಿನಲ್ಲಿ ಮಾವನ ಕೈಗೆ ಕೈ ಕೊಡುವವಳು ಸೊಸೆಯೇ. ಮದುವೆಯಾಗಿ ಬಂದಾಗ ಅವಳಿಗೆ ಮರವೆಂದರೆ ಮರ, ಅಷ್ಟೇ. ಈಗ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಒಣಗಿದೆಯೋ ಇಲ್ಲವೋ ಹೇಳಬಲ್ಲಳು, ಕೇಳುವವರು ಇದ್ದರೆ.

ಭಟ್ಟಿಯಲ್ಲಿ ಹಲಗೆ ಬೇಯಿಸುವುದನ್ನು ಅವಳು ಮೊದಲ ದಿನದಿಂದ ನೋಡಿದ್ದಳು. ಒಣಗಿದ ಹಲಗೆಗಳನ್ನು ಒಂದರ ಮೇಲೊಂದು ಒಟ್ಟಿ, ನಡುನಡುವೆ ಗಾಳಿಯಾಡಲು ಮರದ ಪಟ್ಟಿ ಇಟ್ಟು, ಬಾಗಿಲು ಮುಚ್ಚಿ, ಬೆಂಕಿ ಏರಿಸುತ್ತಾ ಹೋಗುವುದು. ಕುದಿವ ನೀರಿನ ಎರಡರಷ್ಟು ಶಾಖ. ಒಳಗೆ ಹಬೆ ತುಂಬಿರಬೇಕು. ಇಲ್ಲದಿದ್ದರೆ ಹಲಗೆ ಹೊತ್ತಿಕೊಳ್ಳುತ್ತದೆ. ಬೆಂಕಿ ನಂದಿಸಿದ ಮೇಲೂ ಒಂದು ಹಗಲು ಒಂದು ರಾತ್ರಿ ಬಾಗಿಲು ಮುಟ್ಟುವಂತಿಲ್ಲ. ತೆಗೆದಾಗ ಸಕ್ಕರೆ ಸೀದಂಥ ಒಂದು ವಾಸನೆ ಶೆಡ್ಡು ದಾಟಿ ಅಡುಗೆಮನೆಗೂ ಬರುತ್ತಿತ್ತು. ಹಲಗೆ ಸುಡುತ್ತಾ ಕೂತಿದ್ದಾರೆ ಎಂದು ಅತ್ತೆ ಗೊಣಗಿದರೆ, "ಸುಡೋದಲ್ಲ ಕಣೇ, ಬೇಯಿಸೋದು" ಎಂದು ಮಾವ ಪ್ರತಿಸಲವೂ ತಿದ್ದುತ್ತಿದ್ದರು. ಬೆಂದ ಹಲಗೆ ಹಗುರವಾಗುತ್ತದೆ, ಆಮೇಲೆ ಉಬ್ಬುವುದಿಲ್ಲ, ಸೊಟ್ಟಗಾಗುವುದಿಲ್ಲ, ಶಾಖವನ್ನೂ ಸುಲಭವಾಗಿ ದಾಟಿಸುವುದಿಲ್ಲ ಎನ್ನುವುದು ಅವರ ನಂಬಿಕೆ.

ಆ ನಂಬಿಕೆಗೆ ಎರಡು ತಿಂಗಳ ಹಿಂದೆ ಪೆಟ್ಟು ಬಿದ್ದಿತ್ತು. ಊರಾಚೆ ಮೊಟ್ಟೆಗಳಿಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಮರಿಯಕ್ಕ. ಅವಳಿಗೆ ಕಾವಿನ ಕಪಾಟುಗಳು ಬೇಕಿದ್ದವು. ಬೆಂದ ಹಲಗೆಯಲ್ಲಿ ಮಾಡಿದರೆ ಕಾವು ಒಳಗೇ ನಿಲ್ಲುತ್ತದೆ ಎಂದು ಮಾವ ಹೇಳಿದ್ದರು. ಹೇಳಿದ ಮೇಲೆ ತಾವೇ ಅಳೆದು ನೋಡಬೇಕೆಂದು ಈ ಎರಡು ಪೆಟ್ಟಿಗೆ ಮಾಡಿ ಮಂಜುಗಡ್ಡೆ ಇಟ್ಟರು. ಸಂಜೆ ಜಾಡಿಗಳನ್ನು ಪಕ್ಕಪಕ್ಕ ಇಟ್ಟರೆ ನೀರಿನ ಮಟ್ಟದಲ್ಲಿ ವ್ಯತ್ಯಾಸ ಅರ್ಧ ಬೆರಳಿನ ಅಗಲ. ಮೂರು ಸಲ ಮಾಡಿದರು. ಮೂರು ಸಲವೂ ಅರ್ಧ ಬೆರಳೇ.

ಮಾವ ಆ ದಿನ ಊಟ ಬಿಡಲಿಲ್ಲ, ಯಾರ ಮೇಲೂ ಸಿಡುಕಲಿಲ್ಲ. ಅರ್ಧ ಬೆರಳಿಗಾಗಿ ಇಷ್ಟು ಬೆಂಕಿ ಉರಿಸುವುದು ಮರಕ್ಕೂ ಅನ್ಯಾಯ, ಕೊಳ್ಳುವವರಿಗೂ ಅನ್ಯಾಯ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಭಟ್ಟಿ ತಣ್ಣಗಾಯಿತು. ಮರಿಯಕ್ಕನಿಗೆ ಮಾತು ಕೊಟ್ಟಿದ್ದರಿಂದ, ಅವಳ ಕೆಲಸದ ಗಡಿಬಿಡಿ ಮುಗಿದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡುವುದು, ಅವಳ ಕಣ್ಣೆದುರಿಗೇ ಜಾಡಿ ತೆಗೆದು ಅರ್ಧ ಬೆರಳನ್ನು ತೋರಿಸುವುದು, ಆಮೇಲೆ ಭಟ್ಟಿಯ ಇಟ್ಟಿಗೆ ಕಳಚುವುದು ಎಂದು ತೀರ್ಮಾನಿಸಿದರು. ಆ ದಿನದಿಂದ ಅವರು ಶೆಡ್ಡಿನ ಆ ಕೊನೆಗೆ ಹೋಗುವುದನ್ನೇ ಬಿಟ್ಟರು. ಗರಗಸದ ಹತ್ತಿರ ಕೂತು, ಭಟ್ಟಿಗೆ ಬೆನ್ನು ಮಾಡಿ ಟೀ ಕುಡಿಯುತ್ತಿದ್ದರು. ಆ ಬೆನ್ನನ್ನು ಸೊಸೆ ಎರಡು ತಿಂಗಳು ನೋಡಿದಳು.

ಕೆಲಸವಿಲ್ಲದ ಪೆಟ್ಟಿಗೆಗಳನ್ನು ಅವಳೇ ಬಚ್ಚಲಿಗೆ ಒಯ್ದಿದ್ದಳು. ಬೆಳಿಗ್ಗೆ ಬಾಯ್ಲರ್‌ನಿಂದ ಎರಡು ಕ್ಯಾನು ಬಿಸಿನೀರು ಹಿಡಿದು, ತಳದ ತೂತಿಗೆ ಬಟ್ಟೆ ತುರುಕಿದ ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟರೆ ಸಂಜೆಗೆ ಮತ್ತೆ ಕಾಯಿಸುವ ಕೆಲಸ ತಪ್ಪುತ್ತಿತ್ತು. ಕರಿ ಪೆಟ್ಟಿಗೆಯ ನೀರು ಮೂರು ವರ್ಷದ ಮಗಳ ಸ್ನಾನಕ್ಕೆ, ಬಿಳಿ ಪೆಟ್ಟಿಗೆಯದು ಅತ್ತೆಯ ಕಾಲಿಗೆ. ಅತ್ತೆ ಸಂಜೆ ಹೊತ್ತು ಬೋಗುಣಿಯಲ್ಲಿ ಕಾಲಿಟ್ಟು ಕೂತರೆ ಮಂಡಿನೋವು ಇಳಿಯುತ್ತಿತ್ತು. ಮಂಡಿ ಇಳಿದರೆ ಬಾಯಿ ಏರುತ್ತಿತ್ತು. ಅದು ಮನೆಗೆಲ್ಲ ಗೊತ್ತಿದ್ದ ವಿಷಯ.

ಮೊದಲ ಹದಿನೈದು ದಿನ ತಕರಾರಿರಲಿಲ್ಲ. ಮೂರನೆಯ ವಾರ ಅತ್ತೆ ನೀರಿಗೆ ಕಾಲಿಟ್ಟು ಮುಖ ಸಿಂಡರಿಸಿದರು. ಮೊಮ್ಮಗಳ ನೀರಿನಲ್ಲಿ ಹಬೆ ಆಡುತ್ತಿತ್ತು, ತಮ್ಮದು ಉಗುರುಬೆಚ್ಚಗೆ. ಮರುದಿನವೂ ಹಾಗೇ. ಅದರ ಮರುದಿನ ಅವರು ತಡೆಯಲಿಲ್ಲ.

"ಹೆತ್ತ ಮಗಳಿಗೆ ಬಿಸಿಬಿಸಿ, ಗಂಡನ್ನ ಹೆತ್ತವಳಿಗೆ ಉಗುರುಬೆಚ್ಚಗೆ. ಬಾಯಿ ಬಿಡದೇ ಇದ್ದರೂ ಲೆಕ್ಕ ಮಾತ್ರ ಚೆನ್ನಾಗಿ ಬರುತ್ತೆ ನಿನಗೆ."

ಸೊಸೆಯ ಕಿವಿ ಕೆಂಪಾಯಿತು. ಎರಡೂ ಕ್ಯಾನು ಒಂದೇ ನಲ್ಲಿಯಲ್ಲಿ, ಒಂದೇ ಹೊತ್ತಿಗೆ ಹಿಡಿದದ್ದು ಎಂದು ಹೇಳಬೇಕೆಂದುಕೊಂಡಳು, ಹೇಳದೆ ಒಲೆಯ ಮೇಲೆ ಬೇರೆ ನೀರು ಕಾಯಲಿಟ್ಟಳು. ಅವಳ ಬಾಯಲ್ಲಿ ಕಾಳು ಹಾಕಿಟ್ಟರೆ ವಾರದೊಳಗೆ ಮೊಳಕೆ ಬಂದೀತು ಎಂದು ಅತ್ತೆ ನೆಂಟರೆದುರು ಹೇಳುವುದುಂಟು. ಹೇಳುವಾಗ ಅವಳ ತಲೆ ನೇವರಿಸುವುದೂ ಉಂಟು. ಅದಕ್ಕೇ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ.

ಮರುದಿನ ಅವಳು ಪೆಟ್ಟಿಗೆಗಳಲ್ಲಿ ಕ್ಯಾನುಗಳನ್ನು ಅದಲುಬದಲು ಮಾಡಿದಳು. ಅತ್ತೆಯ ನೀರಿನಲ್ಲಿ ಹಬೆಯಾಡಿತು, ಮಗಳು ತಣ್ಣೀರೆಂದು ಕೂಗಿ ಬಚ್ಚಲು ಒಂದು ಮಾಡಿದಳು. ಅಲ್ಲಿಗೆ ತಪ್ಪು ಕ್ಯಾನಿನದಲ್ಲ, ಪೆಟ್ಟಿಗೆಯದು. ಹಾಗಾದರೆ ಮೊದಲ ಹದಿನೈದು ದಿನ ಯಾಕೆ ಹೀಗಾಗಲಿಲ್ಲ? ಸೊಸೆ ಎರಡೂ ಪೆಟ್ಟಿಗೆಗಳನ್ನು ಎತ್ತಿ ನೋಡಿದಳು. ಬಿಳಿ ಪೆಟ್ಟಿಗೆ ಕೈಗೆ ಭಾರವಾಗಿತ್ತು. ಅದರ ಮುಚ್ಚಳ ಉಬ್ಬಿ, ತೆಗೆಯಲು ಅಂಗೈಯಲ್ಲಿ ಗುದ್ದಬೇಕಾಗಿತ್ತು. ಕರಿಯದರ ಮುಚ್ಚಳ ಮೊದಲ ದಿನದಂತೆಯೇ ಸಲೀಸಾಗಿ ಬರುತ್ತಿತ್ತು.

ಮಾವ ಮಲಗಿದ್ದ ಒಂದು ಮಧ್ಯಾಹ್ನ ಎರಡನ್ನೂ ಶೆಡ್ಡಿನ ತೂಕಕ್ಕೆ ಹಾಕಿದಳು. ಒಣಗಿದ್ದಾಗಿನ ತೂಕವನ್ನು ಮಾವ ಪೆಟ್ಟಿಗೆಯ ತಳದಲ್ಲೇ ಪೆನ್ಸಿಲಿನಲ್ಲಿ ಬರೆದಿದ್ದರು. ಬಿಳಿಯದು ಅದಕ್ಕಿಂತ ಮುಕ್ಕಾಲು ಕೆಜಿ ಹೆಚ್ಚಿತ್ತು, ಕರಿಯದು ಬರೀ ಕಾಲು ಕೆಜಿ. ಬಚ್ಚಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅದನ್ನು ಗುರುತು ಮಾಡಿದಳು. ವಾರಕ್ಕೊಮ್ಮೆ ತೂಗಿದಳು, ವಾರಕ್ಕೊಂದು ಗುರುತು. ಅವಳು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೆ ಮರ ತೇವ ಕುಡಿಯುತ್ತದೆ, ಬೆಂದ ಮರ ಹೆಚ್ಚು ಕುಡಿಯುವುದಿಲ್ಲ, ತೇವ ಕುಡಿದ ಹಲಗೆಯಲ್ಲಿ ಶಾಖ ಸಲೀಸಾಗಿ ಹಾದುಹೋಗುತ್ತದೆ ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

ಆಗಲೇ ಅವಳಿಗೆ ಮಾವನ ತಪ್ಪು ಹೊಳೆದದ್ದು. ಮಾವ ನ್ಯಾಯಕ್ಕೆ ಬಿದ್ದ ಮನುಷ್ಯ. ಇಬ್ಬರು ಮಕ್ಕಳಿಗೆ ಒಂದು ಹಣ್ಣು ಹಂಚಬೇಕಾದರೂ ಬೀಜ ತೆಗೆದು ತೂಗಿ ಕೊಡುವಂಥವರು. ಪರೀಕ್ಷೆಗೆ ಮುಂಚೆ ಎರಡೂ ಪೆಟ್ಟಿಗೆಗಳಿಗೆ ಒಂದೇ ನ್ಯಾಯ ಇರಲಿ ಎಂದು ಎರಡನ್ನೂ ಮೂರು ದಿನ ಬಾಯ್ಲರ್ ಮೇಲೆ ಕಾಯಿಸಿ, ಕಟಕಟೆನ್ನುವಷ್ಟು ಒಣಗಿಸಿ ಆಮೇಲೆ ಅಳೆಯುತ್ತಿದ್ದರು. ಒಣಗಿಸಿದರೆ ಬಿಳಿಯದೂ ಕರಿಯದೂ ಹೆಚ್ಚುಕಡಿಮೆ ಒಂದೇ. ಬೆಂದ ಹಲಗೆ ಮೇಲುಗೈ ತೋರಿಸುವುದು ತೇವದಲ್ಲಿ. ಆ ತೇವವನ್ನೇ ಅವರು ಪ್ರತಿಸಲವೂ ಒರೆಸಿಹಾಕುತ್ತಿದ್ದರು.

ಹೇಳಲು ಮೂರು ಸಲ ಹೋದಳು. ಮೊದಲನೆಯ ಸಲ ಮಾವ ತಲೆಯೆತ್ತಿ ಏನಮ್ಮ ಎಂದಾಗ ಊಟಕ್ಕಾಯಿತು ಎಂದುಬಿಟ್ಟಳು. ಆಗಿನ್ನೂ ಹನ್ನೊಂದು ಗಂಟೆ. ಎರಡನೆಯ ಸಲ ಉಳಿ ಬೇಕಿತ್ತು ಎಂದಳು. ಮೂರನೆಯ ಸಲ ಭಟ್ಟಿಗೆ ತಿರುಗಿದ್ದ ಆ ಬೆನ್ನನ್ನು ನೋಡಿ ಬಾಗಿಲಿನಿಂದಲೇ ಹಿಂದಿರುಗಿದಳು. ನಾಲ್ಕನೆಯದಾಗಿ ಮಾಡಿದ್ದೇ ಇದು: ಪೆಟ್ಟಿಗೆಗಳನ್ನು ಬಾಯ್ಲರ್ ಮೇಲೆ ಇಡಲಿಲ್ಲ. ಬಚ್ಚಲಲ್ಲೇ ಬಿಟ್ಟು, ಇವತ್ತು ಬೆಳಿಗ್ಗೆ ಮೇಲೆಮೇಲೆ ಒರೆಸಿ ತಂದು ಮೇಜಿನ ಮೇಲಿಟ್ಟಳು.

ಮರಿಯಕ್ಕ ನಾಲ್ಕು ಗಂಟೆಗೆ ಬಂದಳು. ಗಿಡ್ಡ ಹೆಂಗಸು, ತೋಳಿನ ತುಂಬ ಹಳದಿ ಪುಕ್ಕದ ಎಳೆಗಳು ಅಂಟಿದ್ದವು. ಕೂತ ತಕ್ಷಣ, ತನ್ನ ಹಳೆಯ ಕಪಾಟುಗಳ ಬಾಗಿಲು ಉಬ್ಬಿ ಮುಚ್ಚುವುದೇ ಇಲ್ಲ, ಮರಿಗಳು ಮೊಟ್ಟೆ ಒಡೆಯುವ ಮುಂಚೆ ತಾನೇ ಬಾಗಿಲು ಒಡೆದು ಒಳಗೆ ಹೋಗಬೇಕಾಗಿದೆ ಎಂದು ಶುರು ಮಾಡಿದಳು. ಅತ್ತೆ ಟೀ ತಂದು ಅಲ್ಲೇ ಕಟ್ಟೆಯ ಮೇಲೆ ಕೂತರು. ಮಾವ ಮೊದಲೇ ಹೇಳಿಬಿಟ್ಟರು: ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅರ್ಧ ಬೆರಳು ಕಾಣಿಸುತ್ತದೆ, ಅಷ್ಟೇ, ಸಾದಾ ಹಲಗೆಯಲ್ಲೇ ಕಪಾಟು ಮಾಡಿಕೊಡುತ್ತೇನೆ.

ಸೊಸೆ ನಳಿಕೆ ತೆಗೆದು ಜಾಡಿಗಳನ್ನು ಬೆಳಕಿಗೆ ತಂದಿಟ್ಟಳು. ನೀರಿನ ಮಟ್ಟಕ್ಕೆ ಸರಿಯಾಗಿ ಒಂದೊಂದು ದಾರ ಕಟ್ಟುವುದು ಅವಳ ಕೆಲಸ. ಕರಿ ಪೆಟ್ಟಿಗೆಯ ಜಾಡಿಯ ದಾರ ಕೆಳಗೆ ಬಂತು, ಬಿಳಿಯದರದು ಮೇಲೆ. ಮಾವ ಬಗ್ಗಿ ಎರಡು ದಾರಗಳ ನಡುವೆ ಬೆರಳಿಟ್ಟರು. ಒಂದು ಬೆರಳು ಹಿಡಿಯಿತು. ಇನ್ನೊಂದು ಬೆರಳನ್ನೂ ಸೇರಿಸಿದರು. ಅದೂ ಹಿಡಿಯಿತು. ಮೂರನೆಯದರ ಅರ್ಧಕ್ಕೆ ನಿಂತಿತು.

ಎರಡೂವರೆ ಬೆರಳು.

ಮರಿಯಕ್ಕ ಅಬ್ಬಾ ಎಂದಳು. ಮಾವ ಮಾತ್ರ ಹುಬ್ಬು ಗಂಟಿಕ್ಕಿ ನೆಟ್ಟಗೆ ನಿಂತರು. ಅವರ ಮುಖದಲ್ಲಿ ಒಂದು ಕ್ಷಣ ಮಿಂಚಿದ್ದನ್ನು ಸೊಸೆ ನೋಡಿದಳು. ಅದನ್ನು ಅವರೇ ಒರೆಸಿಕೊಂಡದ್ದನ್ನೂ ನೋಡಿದಳು.

"ಇದನ್ನ ನಂಬಬೇಡಿ ಮರಿಯಕ್ಕ" ಎಂದರು ಮಾವ. "ಎಲ್ಲೋ ಎಡವಟ್ಟಾಗಿದೆ. ಮೂರು ಸಲ ಅರ್ಧ ಬೆರಳು ಬಂದದ್ದು ನಾಲ್ಕನೇ ಸಲ ಎರಡೂವರೆ ಆಗೋದುಂಟಾ? ಮುಚ್ಚಳ ಸರಿಯಾಗಿ ಕೂತಿಲ್ಲವೋ ಏನೋ. ಈ ಲೆಕ್ಕ ಬಿಟ್ಟುಬಿಡಿ."

ಜಾಡಿಯ ನೀರನ್ನು ಚೆಲ್ಲಲು ಅವರು ಕೈಚಾಚಿದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ನೀರೂ ಹೋಗುತ್ತದೆ, ಅದರ ಹಿಂದೆ ಭಟ್ಟಿಯೂ ಹೋಗುತ್ತದೆ ಎಂದು ಸೊಸೆಗೆ ಸ್ಪಷ್ಟವಾಗಿ ಕಾಣಿಸಿತು. ಅವಳು ಜಾಡಿಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಮಾವನ ಕೈಗೆ ಅವಳ ಕೈ ಅಡ್ಡ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

"ಮುಚ್ಚಳ ಸರಿಯಾಗೇ ಇದೆ ಮಾವ. ನಾನು ಪೆಟ್ಟಿಗೆ ಒಣಗಿಸಲಿಲ್ಲ. ಎರಡೂ ಬಚ್ಚಲಲ್ಲೇ ಇದ್ವು, ಎರಡು ತಿಂಗಳು."

"ಒಣಗಿಸು ಅಂದಿದ್ದೆನಲ್ಲಮ್ಮ. ಒದ್ದೆ ಹಲಗೇನೂ ಒಣ ಹಲಗೇನೂ ಪಕ್ಕದಲ್ಲಿಟ್ಟು ಅಳೆದರೆ ಅದೆಂಥ ನ್ಯಾಯ?"

"ಎರಡೂ ಒಂದೇ ಬಚ್ಚಲಲ್ಲಿ ಇದ್ವಲ್ಲ ಮಾವ, ಅದೇ ನ್ಯಾಯ." ಅವಳು ಅಂಗೈ ತೆಗೆಯಲಿಲ್ಲ. "ಒಂದು ಕುಡೀತು, ಒಂದು ಕುಡೀಲಿಲ್ಲ. ನೀವು ಬೇಯಿಸಿದ್ದಕ್ಕೇ ಅದು ಕುಡೀಲಿಲ್ಲ. ನಾವು ಎರಡನ್ನೂ ಬಾಯ್ಲರ್ ಮೇಲಿಟ್ಟು ಆ ಗುಣನ ಒರೆಸಿಬಿಟ್ಟು, ಆಮೇಲೆ ಗುಣ ಎಲ್ಲಿ ಅಂತ ಹುಡುಕ್ತಿದ್ವಿ. ತೂಕ ಎಲ್ಲ ಬಚ್ಚಲ ಬಾಗಿಲ ಹಿಂದೆ ಬರೆದಿದ್ದೀನಿ."

ಅತ್ತೆ ಟೀ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದರು. ಸೊಸೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವರು ಮದುವೆಯ ದಿನದಿಂದ ಕೇಳಿರಲಿಲ್ಲ.

ಮಾವ ಬಿಳಿ ಪೆಟ್ಟಿಗೆಯ ಮುಚ್ಚಳವನ್ನು ಗುದ್ದಿ ತೆಗೆದು ಅಳಿದುಳಿದ ಗಡ್ಡೆಯನ್ನು ಹೊರಗಿಟ್ಟರು. ಒಳಗನ್ನು ಒರೆಸಿ ಎರಡೂ ಕೈಯಲ್ಲಿ ಎತ್ತಿದರು, ಇಳಿಸಿದರು. ಕರಿಯದನ್ನೂ ಹಾಗೇ ಮಾಡಿದರು. ಮತ್ತೆ ಬಿಳಿಯದನ್ನು ಎತ್ತಿದರು. ಆಮೇಲೆ ಬಚ್ಚಲ ಕಡೆ ನಡೆದರು. ಬಾಗಿಲು ಕಿರ್ರೆಂದು ಮುಚ್ಚಿಕೊಂಡದ್ದು ಕೇಳಿಸಿತು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕೊನೆಗೆ ಒಳಗಿಂದ ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಅದು ಕೆಮ್ಮಲ್ಲ, ನಗು ಎಂದು ಗೊತ್ತಾಯಿತು.

ಮಾವ ಕಣ್ಣೊರೆಸಿಕೊಳ್ಳುತ್ತಾ ಬಂದು ಬಿಳಿ ಪೆಟ್ಟಿಗೆಯ ಮೇಲೆಯೇ ಕೂತರು.

"ನ್ಯಾಯ ನ್ಯಾಯ ಅಂತ ಬಡಕೊಂಡು, ನನ್ನ ಭಟ್ಟಿಗೆ ನಾನೇ ಅನ್ಯಾಯ ಮಾಡಿದೆನಲ್ಲ. ಇನ್ನೊಂದು ವಾರ ಆಗಿದ್ದರೆ ಇಟ್ಟಿಗೆ ಕಿತ್ತಿರ್ತಿದ್ದೆ." ಸೊಸೆಯ ಕಡೆ ನೋಡಿದರು. "ಹನ್ನೊಂದು ಗಂಟೆಗೆ ಊಟಕ್ಕೆ ಕರೆದದ್ದು ಇದಕ್ಕೇನಾ?"

ಅವಳು ನೆಲ ನೋಡುತ್ತಾ ತಲೆಯಾಡಿಸಿದಳು. ಬಾಗಿದ ತಲೆಯಲ್ಲೂ ನಗು ತಡೆಯಲಾಗಲಿಲ್ಲ.

"ಕಂಡುಹಿಡಿದದ್ದು ಅವಳಲ್ಲ, ನನ್ನ ಕಾಲು" ಎಂದರು ಅತ್ತೆ ಲೋಟ ಕೆಳಗಿಟ್ಟು. "ನೀರು ಉಗುರುಬೆಚ್ಚಗಿದೆ ಅಂತ ನಾನು ಬಾಯಿ ಮಾಡದೇ ಇದ್ದಿದ್ದರೆ ಇವಳು ಬಾಯಿ ಬಿಡ್ತಿದ್ಲಾ?" ಅದು ನಿಜವೇ ಆದ್ದರಿಂದ ಯಾರೂ ವಾದಿಸಲಿಲ್ಲ. ಸೊಸೆಯ ಮೇಲೆ ಇಷ್ಟು ದಿನ ಹೊರಿಸಿದ್ದ ಆರೋಪವನ್ನು ಅತ್ತೆ ಹಿಂದಕ್ಕೆ ಪಡೆದದ್ದು ಹೀಗೆ. ಎದ್ದು ಹೋಗುವಾಗ ಅವಳ ತಲೆ ನೇವರಿಸಿ ಹೋದರು.

ಮರಿಯಕ್ಕ ತನ್ನ ಮರಿಮನೆಯ ವಿಷಯ ಹೇಳಿದಳು. ಮೊಟ್ಟೆಯೊಳಗಿನ ಪೊರೆ ಒಣಗಬಾರದೆಂದು ಕಪಾಟಿನೊಳಗೆ ಸದಾ ನೀರಿನ ತಟ್ಟೆ ಇಟ್ಟಿರುತ್ತಾಳೆ, ಗೋಡೆಯೆಲ್ಲ ಬೆವರುತ್ತಿರುತ್ತದೆ.

"ನನ್ನದು ಹನ್ನೆರಡು ತಿಂಗಳೂ ಬಚ್ಚಲೇ ಮೇಸ್ತ್ರಿ. ನನ್ನ ಕಪಾಟನ್ನ ಯಾರು ಬಾಯ್ಲರ್ ಮೇಲಿಟ್ಟು ಒಣಗಿಸ್ತಾರೆ? ನನಗೆ ಕರಿ ಹಲಗೇದೇ ಬೇಕು."

ಆಗಲೂ ಮಾವ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಬೆಂದ ಹಲಗೆ ಪೆಡಸು, ಮೊಳೆ ನೇರವಾಗಿ ಹೊಡೆದರೆ ಸೀಳುತ್ತದೆ, ತೂತು ಕೊರೆದೇ ತಿರುಪು ಹಾಕಬೇಕು. ಭಾರ ಹೊರುವ ಕಂಬಕ್ಕೆ ಅದು ಆಗದು, ಚೌಕಟ್ಟು ಸಾದಾ ಮರದ್ದೇ ಇರಲಿ. ಮೊದಲ ಕೆಲವು ದಿನ ವಾಸನೆ ಇರುತ್ತದೆ, ಅದು ಪೂರ್ತಿ ಹೋಗುವವರೆಗೆ ಮೊಟ್ಟೆ ಇಡಬೇಡಿ ಎಂದು ಬೆರಳು ಮಡಿಸುತ್ತಾ ಹೇಳಿದರು. ಮೊದಲು ಒಂದೇ ಕಪಾಟು ಮಾಡಿ, ಒಂದು ಸಲದ ಮರಿ ಹೊರಬಂದ ಮೇಲೆ ಉಳಿದದ್ದು ಎಂದು ಮಾತಾಯಿತು. ಮರಿಯಕ್ಕ ಭಟ್ಟಿ ನೋಡಬೇಕೆಂದಳು.

ಮಾವ ಎರಡು ತಿಂಗಳ ಮೇಲೆ ಶೆಡ್ಡಿನ ಆ ಕೊನೆಗೆ ನಡೆದರು. ಭಟ್ಟಿಯ ಬಾಗಿಲಲ್ಲಿ ಜೇಡ ಬಲೆ ಕಟ್ಟಿತ್ತು. ಅದನ್ನು ಅಂಗೈಯಿಂದ ಸರಿಸಿ, ಚಿಲಕ ಎಳೆದರು. ಒಳಗಿಂದ ಆ ಸೀದ ಸಕ್ಕರೆಯ ವಾಸನೆ ತಣ್ಣಗೆ ಬಂತು. ನಾಳೆ ಒಟ್ಟುವುದನ್ನು ಇವತ್ತೇ ಒಟ್ಟೋಣ, ಪಟ್ಟಿ ತಗೊಂಡು ಬಾ ಎಂದು ಸೊಸೆಗೆ ಹೇಳಿದರು. ಅವಳು ಒಂದು ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ, ತೆಗೆದು ಪಕ್ಕಕ್ಕಿಟ್ಟಳು.

"ಇದಿನ್ನೂ ಹಸಿ ಮಾವ."

ಮಾವ ತಟ್ಟಿ ನೋಡಲು ಕೈ ಎತ್ತಿದವರು, ಹಾಗೇ ಇಳಿಸಿ ಮುಂದಿನ ಹಲಗೆ ಕೈಗಿತ್ತರು. ಅದನ್ನು ತಟ್ಟಿ ಅವಳು ತಲೆಯಾಡಿಸಿದಳು. ಅದು ಒಳಗೆ ಹೋಯಿತು. ಮರಿಯಕ್ಕ ತೋಳು ಮೇಲೇರಿಸಿ ಇನ್ನೊಂದು ತುದಿ ಹಿಡಿದಳು. ಮೂವರೂ ಭಟ್ಟಿಯೊಳಗೆ ತಲೆ ತೂರಿಸಿದ್ದರು. ಹಲಗೆಯ ಮೇಲೆ ಹಲಗೆ ಕೂರುವ ಸದ್ದು ಮಾತ್ರ ಹೊರಗೆ ಕೇಳುತ್ತಿತ್ತು.

ಬಚ್ಚಲಲ್ಲಿ ಅತ್ತೆ ಖಾಲಿ ಬೋಗುಣಿಯ ಮುಂದೆ ಕೂತು ಸೊಸೆಯನ್ನು ಒಂದು ಸಲ ಕರೆದರು. ಸ್ವಲ್ಪ ಕಾದು, ದನಿ ಏರಿಸಿ ಇನ್ನೊಂದು ಸಲ ಕರೆದರು.

"ಕೇಳಿಸ್ತೇನೇ? ಇವತ್ತಿನಿಂದ ಆ ಕರಿ ಪೆಟ್ಟಿಗೆ ನನ್ನ ನೀರಿಗೆ ಇಡು."